ಕಾಲರಿನ ಒಳಗಿನ ಗುರುತು

ನಮ್ಮ ಯಜಮಾನರನ್ನು ಹುಡುಗರೆಲ್ಲ ‘ಬಿಳಿ ಮೇಷ್ಟ್ರು’ ಎನ್ನುತ್ತಾರೆ. ವಾರವಿಡೀ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವುದು, ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ಹರೆಯದವರಿಗೆ ಪಾಠ ಹೇಳುವುದು, ಎರಡೂ ಅವರದೇ ಕೆಲಸ. ಅಂಗಡಿಯ ಮೇಲೆಯೇ ನಮ್ಮ ಮನೆ. ಸೋಪಿನ ಆವಿ ಮೆಟ್ಟಿಲು ಹತ್ತಿ ಬಂತೆಂದರೆ ನಾನು ಏಳುವ ಹೊತ್ತಾಯಿತೆಂದೇ ಅರ್ಥ. ಯಾರ ಮದುವೆಗೆ ಹೋದರೂ ಇವರ ಕಣ್ಣು ಮೊದಲು ಹೋಗುವುದು ಮದುಮಗನ ತೋಳಿನ ಮೇಲೆ. “ಲೇ, ಆ ಕಾಫಿ ಕಲೆ ನೋಡ್ದ್ಯಾ?” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ನಾನು ಎಷ್ಟೇ ಗೊಣಗಿದರೂ ಈ ಮನುಷ್ಯನ ಜೊತೆ ಸುಖವಾಗಿಯೇ ಇದ್ದೇನೆ.

ಶುದ್ಧ ಜೀವನದ ಪಾಠವೆಂದರೆ ಅವರಿಗೆ ಪ್ರಾಣ. ವರ್ಷಕ್ಕೊಮ್ಮೆ ಬಿಳಿ ಕರವಸ್ತ್ರವೊಂದನ್ನು ತೆಗೆದುಕೊಂಡು ಹೋಗಿ, ಎಲ್ಲರ ಕಣ್ಣೆದುರು ಒಂದು ಹನಿ ಮಸಿ ಬೀಳಿಸಿ, ಸೋಪು ಹಚ್ಚಿ ಉಜ್ಜುತ್ತಾರೆ. ಕಲೆ ಹೋಗುವುದಿಲ್ಲ. “ಮದುವೆಗೆ ಮುಂಚೆ ಎಡವಿದ್ರೆ ಬದುಕೂ ಹೀಗೇ” ಎನ್ನುತ್ತಾರೆ. ಹುಡುಗರು ಉಗುಳು ನುಂಗುತ್ತಾ ಕೂರುತ್ತಾರೆ. ಇವರು ಲೋಕ ಗೆದ್ದವರಂತೆ ಮನೆಗೆ ಬಂದು ಊಟಕ್ಕೆ ಕೂರುತ್ತಾರೆ. ಅಡುಗೆಮನೆಯಲ್ಲಿರುತ್ತಿದ್ದ ನಾನು ಅದು ಯಾವ ಮಸಿ ಎಂದು ಕೇಳಿದವಳೇ ಅಲ್ಲ.

ಈ ವರ್ಷ ಆ ಪಾಠವಾದ ವಾರವೇ, ಶನಿವಾರ ಮಧ್ಯಾಹ್ನ, ಬೇಕರಿಯವರ ಮಗಳು ಅಂಗಡಿಗೆ ಬಂದಳು. ಚರ್ಚಿನ ಗಾಯನ ತಂಡದಲ್ಲಿ ಹಾಡು ಎತ್ತಿಕೊಡುವವಳು ಅವಳೇ. ಹಾಡುವಾಗ ತೊಡುವ ತನ್ನ ಬಿಳಿ ನಿಲುವಂಗಿಯನ್ನು ಕೌಂಟರಿನ ಮೇಲಿಟ್ಟಳು.

“ಆಂಟಿ, ಇದನ್ನ ಒಗೆದು ಚರ್ಚಿಗೆ ಕೊಟ್ಬಿಡಿ. ನನ್ನ ಜಾಗಕ್ಕೆ ಬರೋರಿಗೆ ಆಗುತ್ತೆ.”

“ಯಾಕಮ್ಮ, ಗಂಟಲಿಗೇನಾಯ್ತು?”

“ಸೋಮವಾರ ಚಿಕ್ಕಮ್ಮನ ಊರಿಗೆ ಹೋಗ್ತಿದ್ದೀನಿ. ವಾಪಸ್ ಬರಲ್ಲ.”

ಅಷ್ಟು ಹೇಳುವಷ್ಟರಲ್ಲಿ ಅಳತೊಡಗಿದಳು. ಸ್ಟೂಲು ಎಳೆದು ಕೂರಿಸಿ ನೀರು ಕೊಟ್ಟೆ. ಒಂದೊಂದಾಗಿ ಎಲ್ಲ ಹೊರಬಂತು. ಮದುವೆಯಾಗುತ್ತೇನೆಂದು ಒಬ್ಬ ನಂಬಿಸಿದ್ದ, ಇವಳು ನಂಬಿ ಗೆರೆ ದಾಟಿದ್ದಳು. ಈಗ ಅವನ ಸುದ್ದಿಯೇ ಇಲ್ಲ. ಹೆತ್ತವಳಿಗೆ ಹೇಳಿಕೊಂಡಿದ್ದಾಳೆ. ಇಬ್ಬರೂ ಸೇರಿ ಅತ್ತಿದ್ದಾರೆ.

“ದೇವರ ಹತ್ರ ಕ್ಷಮೆ ಕೇಳ್ದೆ ಆಂಟಿ. ಆದ್ರೆ ಮೇಷ್ಟ್ರು ಅಷ್ಟು ಉಜ್ಜಿದ್ರಲ್ಲ, ಹೋಗ್ಲೇ ಇಲ್ಲ. ನಾನೇ ಕಣ್ಣಾರೆ ನೋಡ್ದೆ. ಇನ್ನು ಬಿಳಿ ಬಟ್ಟೆ ತೊಟ್ಟು ಮುಂದೆ ನಿಂತ್ರೆ ಬರೀ ನಾಟಕ.”

ನನಗೆ ಸಿಟ್ಟು ನೆತ್ತಿಗೇರಿತು. “ರೀ, ಸ್ವಲ್ಪ ಬನ್ನಿ ಇಲ್ಲಿ” ಎಂದು ಕೂಗಿದೆ. ಒಳಗಿನಿಂದ ಒದ್ದೆ ಶರ್ಟೊಂದನ್ನು ಹಿಡಿದುಕೊಂಡೇ ಬಂದರು.

“ಏನದು ಕೈಯಲ್ಲಿ?”

“ಲಾಯರ್ ಶರ್ಟು. ಜೇಬಲ್ಲಿ ಪೆನ್ನು ಸೋರಿದೆ.”

“ಮಸಿ ಹೋಗುತ್ತಾ?”

“ಹೋಗ್ದೆ ಏನು? ನನ್ನ ಕೈಗೆ ಸಿಕ್ಕಿ ಉಳಿದ ಕಲೆ ಒಂದಿದ್ರೆ ಹೇಳು.”

“ಹಾಗಾದ್ರೆ ಪಾಠದ ಕರವಸ್ತ್ರದ ಮಸಿ ಯಾಕೆ ಹೋಗ್ಲಿಲ್ಲ?”

“ಅದು ಗುರುತು ಹಾಕೋ ಮಸಿ ಕಣೇ. ಬೇರೇದಾದ್ರೆ ಅಲ್ಲೇ ಹೋಗ್ಬಿಡುತ್ತೆ, ಆಮೇಲೆ ಪಾಠ…”

ಸ್ಟೂಲಿನ ಮೇಲಿದ್ದ ಹುಡುಗಿಯ ಊದಿದ ಕಣ್ಣನ್ನೂ ಕೌಂಟರಿನ ಮೇಲಿದ್ದ ನಿಲುವಂಗಿಯನ್ನೂ ಅವರು ಆಗ ನೋಡಿದರು. ಒಬ್ಬರ ಬಟ್ಟೆ ಇನ್ನೊಬ್ಬರ ಮನೆ ಸೇರಬಾರದೆಂದು ಕಾಲರಿನ ಒಳಗೆ ನಾವು ಹಾಕುವ ಗುರುತಿನ ಮಸಿ ಅದು. ಕುದಿಸಿದರೂ ಹೋಗುವುದಿಲ್ಲ.

ಅವಳಿಗಾದದ್ದನ್ನು ಎರಡು ಮಾತಿನಲ್ಲಿ ಹೇಳಿದೆ. ಅಷ್ಟಕ್ಕೇ ಬಿಡಲಿಲ್ಲ. “ಕಲೆ ತೆಗೆದೇ ಅನ್ನ ತಿನ್ನೋರು ನೀವು. ದೇವರ ಮನೇಲಿ ನಿಂತು ಕಲೆ ಹೋಗಲ್ಲ ಅಂತೀರಲ್ರೀ? ಯೇಸುಸ್ವಾಮಿ ಸೊಂಟಕ್ಕೆ ಬಟ್ಟೆ ಕಟ್ಕೊಂಡು ಶಿಷ್ಯರ ಕಾಲು ತೊಳೆದಿದ್ದು ಮರೆತೇ ಹೋಯ್ತಾ? ಅವರೂ ನಿಮ್ಮ ಕಸುಬಿನೋರೇ ಅಲ್ವಾ?”

ಅವರ ಮುಖ ಸಣ್ಣಗಾಯಿತು. ಕೈ ಒರೆಸಿಕೊಂಡು ಬಟ್ಟೆ ಗಂಟಿನ ಮೇಲೆ ಅವಳೆದುರು ಕುಳಿತರು.

“ತಪ್ಪು ನಂದು ಮಗಳೇ. ನೀವು ಚೆನ್ನಾಗಿರ್ಲಿ ಅಂತ ಹೆದರಿಸೋಕೆ ಹೋಗಿ ಸುಳ್ಳು ತೋರಿಸ್ಬಿಟ್ಟೆ.” ನಿಲುವಂಗಿಯ ಕಾಲರನ್ನು ತಿರುಗಿಸಿ ಒಳಗಿನ ಗುರುತು ತೋರಿಸಿದರು. ಎರಡು ಗೀಟು, ಒಂದು ಚುಕ್ಕೆ. “ಈ ಅಂಗಿ ಮೇಲೆ ಮೇಣ ಬಿದ್ದಿತ್ತು, ಟೀ ಬಿದ್ದಿತ್ತು, ನಿಮ್ಮಪ್ಪನ ಬೇಕರಿ ಜಾಮೂ ಬಿದ್ದಿತ್ತು. ಎಲ್ಲ ಹೋಯ್ತು, ಇದೊಂದು ಹೋಗ್ಲಿಲ್ಲ. ಈ ಮಸಿ ಇರೋದು ಬಟ್ಟೆ ಯಾರದು ಅಂತ ಹೇಳೋಕೆ. ನೀನು ಕ್ರಿಸ್ತನವಳು. ಯಾವನೋ ಕೈ ಕೊಟ್ಟು ಹೋದ ಅಂತ ಆ ಗುರುತು ಅಳಿಸಿ ಹೋಗಲ್ಲ.”

ಅವಳು ನಿಲುವಂಗಿಗೆ ಮುಖ ಒತ್ತಿಕೊಂಡು ಮನಸಾರೆ ಅತ್ತಳು. “ಇನ್ನು ಇದನ್ನ ನಿಜವಾಗ್ಲೂ ಒಗೀಲೇಬೇಕು” ಎಂದೆ. ಅಳುತ್ತಲೇ ನಕ್ಕಳು. ಆಮೇಲೆ ಮೂಗು ಒರೆಸಿಕೊಂಡು, “ನಾಳೆ ಬೆಳಗ್ಗೆಗೆ ಸಿಗುತ್ತಾ ಆಂಟಿ?” ಎಂದು ಕೇಳಿದಳು.

ಮರುದಿನ, ಅನ್ನ ಸೀದರೂ ಸೀಯಲಿ ಎಂದು ನಾನೂ ಪಾಠಕ್ಕೆ ಹೋಗಿ ಕುಳಿತೆ. ಇವರು ಯಾರ ಹೆಸರನ್ನೂ ಎತ್ತದೆ ಮಸಿಯ ಗುಟ್ಟು ಒಪ್ಪಿಕೊಂಡರು. ಹಿಂದಿನ ಬೆಂಚಿನ ತರಲೆಯೊಬ್ಬ, “ಹಾಗಾದ್ರೆ ಎಷ್ಟು ಕಲೆ ಮಾಡ್ಕೊಂಡ್ರೂ ನಡೆಯುತ್ತೆ ಅನ್ನಿ ಮೇಷ್ಟ್ರೇ” ಎಂದ.

“ಉಜ್ಜೋವಾಗ ಆಗೋ ನೋವು ಬಟ್ಟೆಗೇ ಗೊತ್ತು ಕಣಯ್ಯ. ನಿನಗೆ ಅದು ಬೇಡ. ಒಬ್ಬನೇ ಇರೋ ಕೋಣೇಲೂ ಕೈಲಿರೋ ಫೋನಲ್ಲೂ ದೇವರ ಮುಂದೆ ಇದ್ದಂಗೆ ಇರು. ಪ್ರೀತಿ ನಿಜವಾಗಿದ್ರೆ ಮದುವೆ ತನಕ ಕಾಯುತ್ತೆ. ಅಕಸ್ಮಾತ್ ಎಡವಿದ್ರೆ ಅವತ್ತೇ ಆ ದೇವರ ಹತ್ರ ತಂದ್ಬಿಡು. ಕಲೆ ಮೇಲೆ ಇಸ್ತ್ರಿ ಹಾಕಿ ಮಡಚಿಟ್ಟು, ಎಷ್ಟೋ ದಿನ ಆದ್ಮೇಲೆ ತರ್ತಾರಲ್ಲ, ಅಂಥವೇ ನನ್ನ ಪ್ರಾಣ ತಿನ್ನೋದು.”

ಎಲ್ಲರೂ ನಕ್ಕರು. ಆ ತರಲೆ ಮಾತ್ರ ಫೋನನ್ನು ಮೆಲ್ಲಗೆ ಜೇಬಿಗೆ ಸೇರಿಸಿದ.

ಪಾಠ ಮುಗಿದ ಮೇಲೆ ಎಂದಿನಂತೆ ಹಾಡು. ಬೇಕರಿಯವರ ಮಗಳು ಎದ್ದು ಮುಂದೆ ಬಂದಳು. ರಾತ್ರಿ ಇವರೇ ಇಸ್ತ್ರಿ ಮಾಡಿದ್ದ ಆ ಬಿಳಿ ನಿಲುವಂಗಿಯಲ್ಲಿದ್ದಳು. ಮೊದಲ ಸಾಲು ಎತ್ತಿಕೊಳ್ಳುವ ಮುಂಚೆ ಕೈಯನ್ನು ಕತ್ತಿನ ಹಿಂದಕ್ಕೆ ಒಯ್ದು, ಕಾಲರಿನ ಒಳಗಿನ ಆ ಗುರುತನ್ನು ಬೆರಳಲ್ಲಿ ಒಮ್ಮೆ ಮುಟ್ಟಿ ನೋಡಿಕೊಂಡಳು. ಆಮೇಲೆ ಹಾಡಿದಳು.