ಹೂಂ ಅನ್ನುವವರಿದ್ದರೆ

ನಮ್ಮ ಮನೆಯವರು ಬೆಳಗಿನ ಪತ್ರಿಕೆಯ ಹಿಂದೆ ಅಂತರ್ಧಾನರಾದ ಮೇಲೆ ನಾನು ಏನು ಹೇಳಿದರೂ ಆಚೆಯಿಂದ ಒಂದು ‘ಹೂಂ’ ಬರುತ್ತದೆ. ಜೋಳದ ಹಿಟ್ಟು ಮುಗಿದಿದೆ ಅಂದರೂ ಹೂಂ, ಬೀಗರು ಬರುತ್ತಾರಂತೆ ಅಂದರೂ ಹೂಂ, ಒಮ್ಮೆ ಪರೀಕ್ಷಾರ್ಥವಾಗಿ ‘ಅಟ್ಟದ ಮ್ಯಾಲ ಆನಿ ಕುಂತೈತಿ’ ಅಂದಾಗಲೂ ಅದೇ ನಿರ್ಗುಣ, ನಿರಾಕಾರ, ನಿರ್ವಿಕಾರ ಹೂಂ. ಇದನ್ನು ನಾನು ಬಹುಕಾಲ ದಾಂಪತ್ಯದ ಒಂದು ಸಣ್ಣ ಅಪಮಾನವೆಂದೇ ಎಣಿಸಿ, ಒಗ್ಗರಣೆಯ ಸಪ್ಪಳ ಜೋರು ಮಾಡಿ ಸೇಡು ತೀರಿಸಿಕೊಳ್ಳುತ್ತಿದ್ದೆ. ಆದರೆ ಕಳೆದ ಬೇಸಿಗೆಯಲ್ಲಿ ಕಣ್ಣಿಗೇ ಕಾಣದ ಒಂದು ಕಂಪ್ಯೂಟರು ಮುನಿಸಿಕೊಂಡು, ಅದರೆದುರು ನಾನೇ ಅರ್ಧ ದಿನ ಹೂಂ ಹೂಂ ಅನ್ನುತ್ತ ಕೂಡಬೇಕಾದ ಪ್ರಸಂಗ ಬಂದಮೇಲೆ ಈ ಏಕಾಕ್ಷರ ಮಂತ್ರದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದೆ. ಆ ಕತೆ ಹೇಳುತ್ತೇನೆ. ನೀವು ನಡುನಡುವೆ ಹೂಂ ಅನ್ನುತ್ತಿದ್ದರೆ ಸಾಕು.

ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಮೇಲೆ, ಬೆಟಗೇರಿಯ ಮನೆಯಲ್ಲಿ ಕೂತು ಸೊಸೆಯ ಅಡುಗೆಯನ್ನು ವಿಮರ್ಶಿಸುವುದಕ್ಕಿಂತ ಊರೂರು ತಿರುಗುವುದು ಎಲ್ಲರ ಆರೋಗ್ಯಕ್ಕೂ ಹಿತವೆಂದು ತೋರಿ, ನಾನು ಹೆಣ್ಣುಮಕ್ಕಳು ಹೇಳುವ ಕತೆಗಳನ್ನು ಧ್ವನಿಮುದ್ರಿಸಿಕೊಳ್ಳಲು ಹೊರಟೆ. ಅಸುಂಡಿ, ಅಂತೂರ ಬೆಂತೂರ, ಮುಳಗುಂದ, ಆಚೆಗೆ ಶಿರಹಟ್ಟಿ, ಮುಂಡರಗಿ. ಹೋದಲ್ಲೆಲ್ಲ ರೊಟ್ಟಿ ತಿಂದದ್ದು ಹೆಚ್ಚು, ಕತೆ ಸಿಕ್ಕದ್ದು ಕಡಿಮೆ. ಸಿಕ್ಕಷ್ಟನ್ನು ಎಲ್ಲರೂ ಕೇಳುವಂತೆ ಇಡುವುದು ಹೇಗೆಂದು ಕೈಕೈ ಹಿಸುಕಿಕೊಳ್ಳುತ್ತಿದ್ದಾಗ ಆಪದ್ಬಾಂಧವನಾಗಿ ಒದಗಿದವನು ಮಕ್ತುಮ, ಒಂದು ಕಾಲಕ್ಕೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ನಿಶ್ಚಿಂತೆಯಿಂದ ನಿದ್ರಿಸಿದವನು, ಈಗ ಲಕ್ಷ್ಮೇಶ್ವರದ ಬಜಾರದಲ್ಲಿ ಕಂಪ್ಯೂಟರು ರಿಪೇರಿಯ ಅಂಗಡಿ ಇಟ್ಟು ತಲೆಯ ಅರ್ಧ ಕೂದಲು ಕಳೆದುಕೊಂಡವನು. ‘ಅಕ್ಕೋರ, ಒಂದು ವರ್ಚುವಲ್ ಸರ್ವರ್ ತಗೊಳ್ಳೂಣು’ ಎಂದ. ಎಲ್ಲೋ ದೂರದಲ್ಲಿರುವ ಒಂದು ದೊಡ್ಡ ಯಂತ್ರದೊಳಗೆ ತಡಿಕೆ ಕಟ್ಟಿ, ವಠಾರದ ಖೋಲಿಗಳಂತೆ ಹಲವರಿಗೆ ಬಾಡಿಗೆಗೆ ಕೊಡುತ್ತಾರಂತೆ. ಪ್ರತಿಯೊಂದು ಖೋಲಿಯೂ ತಾನೇ ಒಂದು ಪೂರ್ಣ ಕಂಪ್ಯೂಟರೆಂದು ಭ್ರಮಿಸುತ್ತದಂತೆ.

‘ಹಂಗಾರ ನಮ್ಮ ಕಂಪ್ಯೂಟರು ಐತೋ ಇಲ್ಲೋ?’ ಎಂದೆ.

‘ಐತ್ರಿ. ಆದ್ರ ಇಲ್ಲ.’

ವೇದಾಂತದಲ್ಲಿ ನನಗೆ ಅರ್ಥವಾಗದೆ ಉಳಿದಿದ್ದ ಮಾಯಾವಾದವನ್ನು ಇಷ್ಟು ಸಂಕ್ಷೇಪವಾಗಿ ಯಾವ ಪಂಡಿತರೂ ನನಗೆ ಹೇಳಿರಲಿಲ್ಲ. ನಾವು ಆ ಮಾಯೆಯ ಖೋಲಿ ಹಿಡಿದೆವು. ನನ್ನ ಕತೆಗಳೆಲ್ಲ ಅಲ್ಲಿ ಸಂಸಾರ ಹೂಡಿದವು.

ಅವುಗಳಲ್ಲಿ ಮುಳಗುಂದದ ಹುಸೇನಬಿಯದೂ ಒಂದು. ಹುಸೇನಬಿ ಹಳೆ ಬಟ್ಟೆಯ ತುಂಡು ಕೂಡಿಸಿ ಕೌದಿ ಹೊಲಿಯುವಾಕೆ. ನೆರೆಮನೆಯ ಗಂಗವ್ವನೂ ಅದೇ ಕಸುಬಿನವಳು. ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು, ಒಂದೇ ಕೌದಿಯನ್ನು ಆ ತುದಿಯಿಂದ ಒಬ್ಬಳು ಈ ತುದಿಯಿಂದ ಒಬ್ಬಳು ಹೊಲಿಯುತ್ತ ಬಂದು ನಡುವೆ ಭೇಟಿಯಾಗುವವರು. ನಾನು ಧ್ವನಿಮುದ್ರಣಕ್ಕೆಂದು ಹೋದ ದಿನ ಸದ್ದುಗದ್ದಲ ಬೇಡವೆಂದು ಹುಸೇನಬಿಯನ್ನೊಬ್ಬಳನ್ನೇ ಒಳಗೆ ಕೂರಿಸಿಕೊಂಡೆ. ಎರಡು ಮಾತು ಹೇಳಿದವಳು ಟಕ್ಕನೆ ನಿಂತಳು.

‘ಯಾಕವ್ವ?’

‘ಹೂಂ ಅನ್ನಾವ್ರ ಇಲ್ಲಲ್ರಿ. ಹೂಂ ಅನ್ನದಿದ್ರ ಕತಿ ಹೆಂಗ ಮುಂದ ಹೋಕ್ಕೈತಿ?’

ಅದಕ್ಕೇನು, ನಾನಿದ್ದೇನಲ್ಲ ಎಂದು ಎರಡು ಸಲ ಶುದ್ಧವಾಗಿ ಹೂಂ ಅಂದೆ. ಆಕೆ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಮೂಗು ಮುರಿದಳು. ‘ನಿಮ್ದು ಸಾಲಿ ಹೂಂ ಐತ್ರಿ ಅಕ್ಕೋರ, ಹಾಜರಿ ಕೂಗಿದಂಗ’ ಎಂದವಳೇ ಹೊರಗೆ ಮುಖ ಮಾಡಿ, ‘ಗಂಗವ್ವಾ, ಬಾರಬೇ ಇಲ್ಲೆ, ಕತಿ ನಿಂತೈತಿ!’ ಎಂದು ಕೂಗಿದಳು. ಗಂಗವ್ವ ಅಡಿಕೆ ಕತ್ತರಿಸುತ್ತಿದ್ದ ಅಡಕೊತ್ತು ಹಿಡಿದುಕೊಂಡೇ ಬಂದಳು. ಆಮೇಲೆ ಕತೆ ಇಳಿಜಾರಿನ ಬಂಡಿಯ ಹಾಗೆ ಹೊರಟಿತು. ಮೂಗಿನಿಂದ ಹೊರಟು ಗಂಟಲಲ್ಲಿ ಒಂದು ಸುತ್ತು ಸುತ್ತಿ ಬರುವ ಗಂಗವ್ವನ ಹೂಂಗೆ ಎಷ್ಟು ಬಗೆ! ಅಂಜಿಕೆಯ ಹೂಂ, ಅನುಮಾನದ ಹೂಂ, ‘ಆ ರಂಡಿ ಅತ್ತಿಗೆ ಹಂಗ ಆಗಬೇಕು’ ಅನ್ನುವ ಹೂಂ. ಅವಳಿಗೂ ಒಂದು ಕತೆ ಹೇಳೆಂದರೆ, ‘ನನಗ ಎಲ್ಲಿ ಬರತೈತ್ರಿ? ನನಗ ಬರೂದು ಹೂಂ ಅನ್ನೂದೊಂದ’ ಎಂದು ನಕ್ಕುಬಿಟ್ಟಳು.

ಹುಸೇನಬಿ ಕಳೆದ ಬೇಸಿಗೆಗೂ ಮುಂಚೆಯೇ ತೀರಿಕೊಂಡಿದ್ದಳು. ಆಕೆಯ ದನಿ ಉಳಿದದ್ದು ಆ ಒಂದು ಕತೆಯಲ್ಲಿ ಮಾತ್ರ. ಮಧ್ಯಾಹ್ನದ ಊಟವಾದ ಮೇಲೆ ಗಂಗವ್ವ ಸೊಸೆಯ ಮೊಬೈಲಿನಲ್ಲಿ ಅದನ್ನು ಹಚ್ಚಿಸಿಕೊಂಡು, ಒಬ್ಬಳೇ ಕೌದಿ ಹೊಲಿಯುತ್ತ ಕೇಳುತ್ತಾಳೆಂದು ನನಗೆ ಗೊತ್ತಿತ್ತು. ಬೇಸಿಗೆಯ ಒಂದು ದಿನ ಅವಳ ಫೋನು ಬಂತು.

‘ಅಕ್ಕೋರ, ನಮ್ಮ ಹುಸೇನಬಿ ಮಾತಾಡವಲ್ಲಳ್ರಿ.’

ಸತ್ತವಳ ಮಾತೆಂದರೆ ಆ ಒಂದು ಕತೆಯೇ. ಮಕ್ತುಮನಿಗೆ ಫೋನು ಮಾಡಿದರೆ, ‘ಅಕ್ಕೋರ, ಸರ್ವರ್ ಏಳವಲ್ತು, ಬರ್ರಿ’ ಎಂದ. ಮುಳಗುಂದದ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸನ್ನೇ ಹತ್ತಿದೆ. ಮುಳಗುಂದದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ, ಗಂಗವ್ವ ಎಲ್ಲಿ ಕಂಡಾಳೋ ಎಂದು, ಬಿಸಿಲಿನ ನೆಪ ಮಾಡಿಕೊಂಡು ಸೆರಗು ಮುಖದ ಮೇಲೆ ಎಳೆದುಕೊಂಡೆ.

ಮಕ್ತುಮ ತಿಳಿಸಿಹೇಳಿದ್ದು ಇಷ್ಟು. ಯಂತ್ರವಿರುವಲ್ಲಿ ಏಕಾಏಕಿ ಕರೆಂಟು ಹೋಗಿ, ನಮ್ಮ ಖೋಲಿ ಏನನ್ನೋ ಬರೆದುಕೊಳ್ಳುತ್ತಿದ್ದ ಹಾಗೆಯೇ ಕಣ್ಣುಮುಚ್ಚಿದೆ. ಯಾವ ಕತೆ ಎಲ್ಲಿದೆಯೆಂಬ ಅದರ ಲೆಕ್ಕವೇ ಬೇರೆ, ಒಳಗೆ ಇರುವುದೇ ಬೇರೆ. ಮತ್ತೆ ಏಳುವಾಗ ತನ್ನ ಮನೆಯನ್ನು ತಾನೇ ಒಮ್ಮೆ ತಪಾಸಣೆ ಮಾಡಿಕೊಳ್ಳುವುದು ಅದರ ಪದ್ಧತಿ. ಹಾಗೆ ನೋಡಿ, ತಾಳೆಯಾಗದೆ, ‘ಇದು ನನ್ನ ಕೈಲಾಗದು, ಮನುಷ್ಯರೇ ಬಂದು ನೋಡಿ’ ಎಂದು ಪರದೆಯ ಮೇಲೆ ಬರೆದು ಕೂತುಬಿಟ್ಟಿದೆ.

‘ಹೋಗ್ಲಿ, ಇನ್ನೊಂದು ಪ್ರತಿ ಐತಲ್ಲ?’ ಎಂದೆ.

ಮಕ್ತುಮ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಇನ್ನೊಂದು ಪ್ರತಿ ಇತ್ತು, ನಿಜ. ಅದೇ ಸರ್ವರಿನ ಅದೇ ಡಿಸ್ಕಿನಲ್ಲಿತ್ತು. ಎರಡನೆಯ ಕೀಲಿಕೈಯನ್ನು ಜೋಪಾನವಾಗಿ ಮನೆಯೊಳಗಿನ ಗೂಟಕ್ಕೇ ತೂಗುಹಾಕಿ, ಹೊರಗಿನಿಂದ ಕೀಲಿ ಜಡಿದುಕೊಂಡು ಜಾತ್ರೆಗೆ ಹೋಗುವ ನಮ್ಮ ಓಣಿಯ ಪದ್ಧತಿಯನ್ನು ನಾವಿಬ್ಬರೂ ಆಧುನಿಕ ತಂತ್ರಜ್ಞಾನದಲ್ಲಿಯೂ ನಿಷ್ಠೆಯಿಂದ ಪಾಲಿಸಿದ್ದೆವು.

ಮಕ್ತುಮ ಮೊದಲು ಏನನ್ನೂ ಮುಟ್ಟಲಿಲ್ಲ. ಕೆಟ್ಟ ಡಿಸ್ಕು ಹೇಗಿತ್ತೋ ಹಾಗೆಯೇ ಅದರದೊಂದು ನಕಲು ತೆಗೆದಿಟ್ಟ; ಬೇರೊಂದು ಕಡೆಯಿಂದ ಸರ್ವರನ್ನು ಎಬ್ಬಿಸಿ ಆ ಡಿಸ್ಕನ್ನು ಹೊರಗಿನಿಂದ ನೋಡಿದ. ಒಳಗೆ ಮಂದಿ ಓಡಾಡುವಾಗ ಮನೆಯ ನೆಲ ಅಗೆಯಬಾರದಂತೆ. ಮೊದಲ ಸುತ್ತಿನಲ್ಲಿ ಬರೀ ನೋಡುವುದು, ಎರಡನೆಯದರಲ್ಲಿ ದುರಸ್ತಿ. ದುರಸ್ತಿಯಲ್ಲಿ ಕಂಪ್ಯೂಟರು ಒಂದೊಂದು ದೋಷಕ್ಕೂ ನಿಂತು, ‘ಸರಿಪಡಿಸಲೇ?’ ಎಂದು ಅಪ್ಪಣೆ ಕೇಳುತ್ತದೆ. ಎಲ್ಲಕ್ಕೂ ಒಟ್ಟಿಗೆ ಹೌದೆನ್ನುವ ದಾರಿಯೂ ಇತ್ತು. ಆದರೆ ನನಗೆ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಅಂಗಡಿಗೆ ಗಿರಾಕಿಗಳು ಬಂದರು. ‘ಓದಿ ಓದಿ ಹೂಂ ಅನ್ರಿ ಅಕ್ಕೋರ. ಬ್ಯಾರೆ ಏನರ ಕಂಡ್ರ ನನ್ನ ಕರೀರಿ’ ಎಂದು ಮಕ್ತುಮ ನನ್ನನ್ನು ಕುರ್ಚಿಯಲ್ಲಿ ಪ್ರತಿಷ್ಠಾಪಿಸಿ ಹೋದ.

ಅದು ಕೇಳುತ್ತಿತ್ತು, ನಾನು ಒಂದು ಅಕ್ಷರ ಒತ್ತಿ ಹೂಂ ಅನ್ನುತ್ತಿದ್ದೆ. ಇದಕ್ಕೆ ಯಜಮಾನರಿಲ್ಲ, ಸೇರಿಸಲೇ? ಹೂಂ. ಇದನ್ನು ಇಬ್ಬರು ನನ್ನದೆನ್ನುತ್ತಾರೆ, ಬಿಡಿಸಲೇ? ಹೂಂ. ಊಟಕ್ಕೆ ಕೂತವರು ‘ಬ್ಯಾಡ’ ಎಂದರೂ ಇನ್ನೊಂದು ರೊಟ್ಟಿ ಹಾಕಿಯೇ ತೀರುವ ಈ ಸೀಮೆಯಲ್ಲಿ ಹುಟ್ಟಿದ ನನಗೆ ಇಲ್ಲವೆನ್ನುವ ಅಭ್ಯಾಸವೇ ಇಲ್ಲ. ಕೆಲಸ ಸಲೀಸಾಗಿ ಸಾಗಿತ್ತು. ಹಾಗಿರುವಾಗ ಒಂದು ಪ್ರಶ್ನೆಗೆ ಬೆರಳು ನಿಂತಿತು. ಒಂದು ಕಡತವು ತಾನು ಇಷ್ಟು ಉದ್ದವೆನ್ನುತ್ತಿದೆ, ಸಿಕ್ಕದ್ದು ಕಡಿಮೆ. ಸಿಕ್ಕಷ್ಟಕ್ಕೇ ಅದರ ಅಳತೆ ಇಳಿಸಲೇ?

ಮಕ್ತುಮನನ್ನು ಕರೆದೆ. ‘ಒಲ್ಲೆ ಅಂದ್ರ?’

‘ಒಲ್ಲೆ ಅಂದ್ರ ಹೋದದ್ದೇನ ಹೊಳ್ಳಿ ಬರಂಗಿಲ್ರಿ. ಇದ್ದಷ್ಟರ ಉಳಸೂಣು.’

ಅದು ಯಾರ ಕತೆಯೋ ಗೊತ್ತಿರಲಿಲ್ಲ. ಹುಸೇನಬಿಯದಾಗದಿರಲಿ ಎಂದು ಅನ್ನಿಸಿತು. ಮರುಕ್ಷಣವೇ, ಹಾಗಾದರೆ ಇನ್ನಾರದಾದರೂ ಅಡ್ಡಿಯಿಲ್ಲವೇ ಎಂದು ನಾಚಿಕೆಯಾಯಿತು. ಹೂಂ ಅಂದೆ. ಅಷ್ಟು ಭಾರದ ಹೂಂ ನನ್ನ ಮದುವೆಯ ದಿನವೂ ನನ್ನಿಂದ ಹೊರಟಿರಲಿಲ್ಲ.

ದುರಸ್ತಿ ಮುಗಿದಾಗ ಕತೆಗಳಿದ್ದವು, ಹೆಸರುಗಳಿರಲಿಲ್ಲ. ನಾನು ಪಾಂಡಿತ್ಯವೆಲ್ಲ ಸುರಿದು ಇಟ್ಟಿದ್ದ ಸಮಾಸಭೂಯಿಷ್ಠ ಶೀರ್ಷಿಕೆಗಳು ಅಳಿಸಿಹೋಗಿ, ಎಲ್ಲವೂ ಬರೀ ಅಂಕಿಗಳಾಗಿ ಒಂದು ಮೂಲೆಯ ಕೋಣೆಯಲ್ಲಿ ನಿಂತಿದ್ದವು. ಕಳೆದದ್ದು, ಸಿಕ್ಕದ್ದು ಎಂದು ಆ ಕೋಣೆಗೆ ಹೆಸರು. ನಮ್ಮ ಕಡೆಯ ಕೊಂಡವಾಡವೇ ಸರಿ: ತಪ್ಪಿಸಿಕೊಂಡ ದನಗಳನ್ನು ಕೂಡಿಹಾಕಿ, ಯಜಮಾನ ಬಂದು ಗುರುತು ಹೇಳುವತನಕ ನೀರು ಮೇವು ಕೊಡುವ ದೊಡ್ಡಿ. ಯಾರೋ, ಎಲ್ಲಿಯವರೋ, ಈ ವ್ಯವಸ್ಥೆಯನ್ನು ಬರೆದವರು ಹೆಸರಿಲ್ಲದ್ದನ್ನು ಕಸಕ್ಕೆ ಎಸೆಯದೆ ಅದಕ್ಕೂ ನಿಲ್ಲಲೊಂದು ಜಾಗ ಇರಲೆಂದು ಯೋಚಿಸಿದರಲ್ಲ! ಆ ಅಜ್ಞಾತ ಪುಣ್ಯಾತ್ಮರ ಹೊಟ್ಟೆ ತಣ್ಣಗಿರಲಿ ಎಂದು ಮಕ್ತುಮನ ಅಂಗಡಿಯಲ್ಲಿ ಕೂತೇ ಕೈಮುಗಿದೆ. ಅವನ ಗಿರಾಕಿಯೊಬ್ಬರು ಪರದೆಯ ಮೇಲೆ ದೇವರ ಪಟವಿದೆಯೇನೋ ಎಂದು ಇಣುಕಿ ನೋಡಿದರು.

ಕಿವಿಗೆ ಹೆಡ್‌ಫೋನು ಹಾಕಿಕೊಂಡು ಒಂದೊಂದನ್ನೇ ಕೇಳುತ್ತ ಹೋದೆ. ಕೆಮ್ಮಿನಿಂದ ಅಸುಂಡಿಯ ಮುದುಕಿ ಸಿಕ್ಕಳು. ಮುಂಡರಗಿಯವಳನ್ನು ಆಕೆಯ ಎಮ್ಮೆ ಕೂಗಿ ಹಿಡಿದುಕೊಟ್ಟಿತು. ಧ್ವನಿಮುದ್ರಣ ಕೆಡಿಸಿತೆಂದು ಅಂದು ನಾನು ಶಪಿಸಿದ ಸದ್ದುಗಳೆಲ್ಲ ಇಂದು ಒಂದೊಂದಾಗಿ ಗುರುತು ಹೇಳಿದವು. ಕೊನೆಕೊನೆಗೆ ಒಂದು ಅಂಕಿಯನ್ನು ಒತ್ತಿದರೆ ಮೊದಲು ಬಂದದ್ದು ಅಡಕೊತ್ತಿನ ಕಟಕ್ಕು, ಅದರ ಹಿಂದೆಯೇ ಮೂಗಿನಿಂದ ಹೊರಟು ಗಂಟಲಲ್ಲಿ ಸುತ್ತು ಸುತ್ತಿದ ಒಂದು ಹೂಂ. ‘ಮಕ್ತುಮಾ, ಸಿಕ್ಕಳೋ!’ ಎಂದು ಚೀರಿದೆ. ಆಯುಷ್ಯದುದ್ದಕ್ಕೂ ತರಗತಿಯಲ್ಲಿ ಗದ್ದಲ ಮಾಡಬೇಡಿರೆಂದು ಬೈದ ಬಾಯಿ ಇದು.

ಆದರೆ ಅರ್ಧಕ್ಕೇ ನಿಂತಿತು. ನಾನು ಹೂಂ ಅಂದು ಮೊಟಕು ಮಾಡಿದ ಕತೆ ಅದೇ.

ಮಕ್ತುಮ ಅದನ್ನು ತನ್ನ ಮೊಬೈಲಿಗೆ ಹಾಕಿಕೊಂಡು, ಅಂಗಡಿಗೆ ಕೀಲಿ ಹಾಕಿ, ‘ನಡೀರಿ, ಇಬ್ಬರೂ ಕೂಡೇ ಬೈಸಿಕೊಳ್ಳೂಣು’ ಎಂದ. ನಾವು ಹೋದಾಗ ಗಂಗವ್ವ ಕಟ್ಟೆಯ ಮೇಲೆ ಕೌದಿ ಹಾಸಿಕೊಂಡು ಒಂದು ತುದಿಯಲ್ಲಿ ಕೂತಿದ್ದಳು. ಹುಸೇನಬಿ ಕೂರುತ್ತಿದ್ದ ಇನ್ನೊಂದು ತುದಿಯ ಬಟ್ಟೆ ಗಾಳಿಗೆ ಹಾರದಂತೆ ಅದರ ಮೇಲೊಂದು ಕಲ್ಲು ಇಟ್ಟಿದ್ದಳು. ಅರ್ಧ ಹೋಗಿದೆಯೆಂದು ನಾನೇ ಹೇಳಿದೆ. ಆಕೆ ಬೈಯಲಿಲ್ಲ. ‘ಇದ್ದಷ್ಟ ಹಚ್ರಿ’ ಎಂದಳು.

ಹುಸೇನಬಿ ಶುರು ಮಾಡಿದಳು. ಮಳೆಗೆ ಒಲೆ ಆರಿಹೋಗಿ, ಹೊಸ ಸೊಸೆಯೊಬ್ಬಳು ನೆರೆಮನೆಯಿಂದ ಬೆಂಕಿ ಇಸಕೊಂಡು ಬರುವಾಗ ದಾರಿ ತಪ್ಪುವ ಕತೆ. ಕತ್ತಲೆಯಲ್ಲಿ ಬೇವಿನ ಮರವನ್ನು ಕೇಳಿದಳು, ಅದು ಹೇಳಲಿಲ್ಲ. ಹೂಂ. ಕಾಗೆಯನ್ನು ಕೇಳಿದಳು, ಅದು ಹೇಳಲಿಲ್ಲ. ಹೂಂ. ಮೊಬೈಲಿನೊಳಗಿನ ಗಂಗವ್ವನೂ ಹೊರಗಿನ ಗಂಗವ್ವನೂ ಒಟ್ಟಿಗೇ ಹೂಂ ಅನ್ನುತ್ತಿದ್ದರು. ಬಾವಿ ಕೇಳಿತು, ‘ಯಾರ ಮನಿ ಮಗಳವಾ ನೀ?’

ಅಲ್ಲಿಗೆ ಮುಗಿಯಿತು. ಮಕ್ತುಮ ನೆಲ ನೋಡಿದ.

‘ಹೂಂ’ ಅಂದಳು ಗಂಗವ್ವ. ಕಾದಳು. ಇನ್ನೊಮ್ಮೆ, ಮೆಲ್ಲಗೆ, ‘ಹೂಂ, ಮುಂದ?’ ಅಂದಳು. ಸೂಜಿ ಬಟ್ಟೆಯಲ್ಲೇ ನಿಂತಿತ್ತು. ಆಮೇಲೆ ಗಂಟಲು ಸರಿಮಾಡಿಕೊಂಡು, ಆ ತುದಿಯ ಕಲ್ಲಿನ ಕಡೆ ನೋಡುತ್ತ ಅವಳೇ ಹೇಳಿದಳು: ‘ಆವಾಗ ಆ ಹುಡುಗಿ ಅಂತಾಳ, ತೌರಮನಿ ಹೆಸರೂ ಮರತೇನಿ, ಅತ್ತಿಮನಿ ಹೆಸರೂ ಮರತೇನಿ. ನನಗ ಬೆಂಕಿ ಕೊಟ್ಟಳಲ್ಲ, ಆಕಿ ಮನಿ ಮಗಳು ನಾ...’

ನಾನು ಹೂಂ ಅನ್ನುವುದನ್ನೇ ಮರೆತು ಕೇಳುತ್ತಿದ್ದೆ. ಗಂಗವ್ವ ಟಕ್ಕನೆ ನಿಂತು ನನ್ನ ಕಡೆ ತಿರುಗಿದಳು.

‘ಹೂಂ ಅನ್ರಿ ಅಕ್ಕೋರ. ಸುಮ್ಮ ಕುಂತ್ರ ಕತಿ ಹೆಂಗ ಮುಂದ ಹೋಕ್ಕೈತಿ?’

ಹೂಂ ಅಂದೆ. ಈ ಸಲ ಸಾಲಿ ಹೂಂ ಆಗಲಿಲ್ಲವೆಂದು ಕಾಣುತ್ತದೆ, ಕತೆ ಮುಂದೆ ಹೋಯಿತು, ಬಾವಿ ದಾರಿ ತೋರಿಸಿತು, ಒಲೆ ಹೊತ್ತಿತು. ಮಕ್ತುಮ ಯಾವಾಗಲೋ ಮೊಬೈಲನ್ನು ಧ್ವನಿಮುದ್ರಣಕ್ಕೆ ಹಚ್ಚಿಟ್ಟಿದ್ದ. ಈಗ ಆ ಕತೆ ಅರ್ಧ ಹುಸೇನಬಿಯದು, ಅರ್ಧ ಗಂಗವ್ವನದು. ಆ ತುದಿಯಿಂದ ಒಬ್ಬಳು ಈ ತುದಿಯಿಂದ ಒಬ್ಬಳು ಹೇಳಿದ್ದು. ಅದರ ಒಂದು ಪ್ರತಿ ಸರ್ವರಿನಲ್ಲಿದೆ, ಒಂದು ಮಕ್ತುಮನ ಅಂಗಡಿಯಲ್ಲಿ, ಒಂದು ನಮ್ಮ ಮನೆಯ ಕಪಾಟಿನಲ್ಲಿ. ಕಪಾಟಿನ ಕೀಲಿಕೈ ಕಪಾಟಿನೊಳಗಿಲ್ಲ.

ಮರುದಿನ ಬೆಳಿಗ್ಗೆ ಇದನ್ನೆಲ್ಲ ನಮ್ಮ ಮನೆಯವರಿಗೆ ಹೇಳುತ್ತ ಹೋದೆ. ಪತ್ರಿಕೆಯ ಆಚೆಯಿಂದ ಹೂಂ, ಹೂಂ ಎಂದು ಬರುತ್ತಲೇ ಇತ್ತು. ಬಾವಿ ಪ್ರಶ್ನೆ ಕೇಳುವಲ್ಲಿಗೆ ಬಂದಾಗ, ನೋಡೋಣವೆಂದು, ಬೇಕೆಂದೇ ನಿಲ್ಲಿಸಿದೆ. ಒಲೆಯ ಮೇಲೆ ಕುದಿಯುತ್ತಿದ್ದ ಚಹಾ ಇಳಿಸಿದೆ. ಆಮೇಲೆ ಪತ್ರಿಕೆ ಕೆಳಗಿಳಿದು, ಅದರ ಮೇಲೆ ಕನ್ನಡಕ ಕಾಣಿಸಿತು.

‘ಹೂಂ,’ ಅಂದರು. ‘ಮುಂದ?’