ಈರಣ್ಣನ ಲಗ್ನಪತ್ರಿಕೆ ಸಾಫ್ಟ್‌ವೇರ್

ಲಗ್ನಪತ್ರಿಕೆಯಲ್ಲಿ ದೊಡ್ಡಪ್ಪನ ಹೆಸರು ಕಾಕಾನ ಹೆಸರಿನ ಕೆಳಗೆ ಬಿದ್ದರೆ ಮದುವೆ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ. ಆದರೆ ದೊಡ್ಡಪ್ಪ ಊಟಕ್ಕೆ ಕೂಡುವುದಿಲ್ಲ. (ನಮ್ಮ ಅಣ್ಣನ ಮದುವೆಯಲ್ಲಿ ಕೂತಿರಲಿಲ್ಲ. ಇವತ್ತಿಗೂ ಆ ಮಾತು ಎತ್ತುತ್ತಾರೆ.)

ನಮ್ಮ ಹುಬ್ಬಳ್ಳಿ ಕೇಶ್ವಾಪುರದ ಈರಣ್ಣ ಇದಕ್ಕೊಂದು ಮದ್ದು ಕಂಡುಹಿಡಿದಿದ್ದರು. ತಮ್ಮ ಪುಟ್ಟ ಪ್ರಿಂಟಿಂಗ್ ಪ್ರೆಸ್ಸಿಗೆಂದು ತಾವೇ ಬರೆದ ಸಾಫ್ಟ್‌ವೇರ್. ಹೆಸರು, ಸಂಬಂಧ ಟೈಪ್ ಮಾಡಿದರೆ ಸಾಕು, ಅಜ್ಜ, ದೊಡ್ಡಪ್ಪ, ಕಾಕಾ, ಸೋದರಮಾವ ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂಡುತ್ತಿದ್ದರು.

ತೆರೆದ ಕೂಡಲೇ ಸ್ಕ್ರೀನಿನ ಮೇಲೆ 'ಬರ್ರಿ, ಕುಂದರ್ರಿ. ಯಾರ ಮದಿವಿ?' ಎಂಬ ಸಾಲು ಬರುತ್ತಿತ್ತು. ಈರಣ್ಣ ಒಳಗೆ ಮಷೀನಿನ ಹತ್ತಿರ, ಕೀಬೋರ್ಡಿನ ಮುಂದೆ ಅವರ ಹೆಂಡತಿ ಗಿರಿಜಕ್ಕ. ಹಿಂದೆ ಬೆಂಚಿನ ಮೇಲೆ ಒತ್ತಿಕೊಂಡು ಕೂತ ಮದುವೆ ಮನೆಮಂದಿಯೆಲ್ಲ ಸ್ಕ್ರೀನ್ ನೋಡುತ್ತ ಜಗಳ. ಚಹಾದ ಮೇಲೆ ಚಹಾ. ಎಂಥ ಛಲೋ ದಿನಗಳವು! ಈಗ ಕಾರ್ಡು ಮೊಬೈಲಿಗೇ ಬಂದು ಬೀಳುತ್ತದೆ. ಜಗಳಾಡಲು ಯಾರಿಗಿದೆ ಪುರುಸೊತ್ತು?

ಈರಣ್ಣ ತೀರಿಕೊಂಡ ಮೇಲೆ ಪ್ರೆಸ್ ನಡೆಸುತ್ತಿರುವವರು ಗಿರಿಜಕ್ಕನೇ. ಕಳೆದ ತಿಂಗಳು ನನಗೆ ಫೋನ್ ಮಾಡಿದರು. ಹಳೇ ಕಂಪ್ಯೂಟರ್ ಕೈಕೊಡುತ್ತಿದೆ, ಹೊಸದರಲ್ಲಿ ಅವರ ಸಾಫ್ಟ್‌ವೇರ್ ಏಳುತ್ತಲೇ ಇಲ್ಲ. ಬೇರೆಯದು ತಗೊಳ್ಳಿ ಎಂದೆ.

"ಇದು ಅವರ ಕೈಯಾಗಿನ ಕೆಲಸರಿ. ಇದೊಂದ ಉಳದೈತಿ" ಎಂದರು.

ನನ್ನ ಮಗಳು ಪಲ್ಲವಿಗೆ ಇಲ್ಲೇ ಹುಬ್ಬಳ್ಳಿಯಲ್ಲಿ ಇಂಥ ಸಾಫ್ಟ್‌ವೇರಿನದೇ ಕೆಲಸ. ಕರೆದುಕೊಂಡು ಹೋದೆ. ವಿಂಡೋಸ್ ಕಂಟೇನರ್‌ನಲ್ಲಿ ಹಾಕೋಣ ಎಂದಳು. ಅಂದರೆ? ಊರಿಗೆ ಹೊರಟವರಿಗೆ ರೊಟ್ಟಿ, ಪಲ್ಯ, ಚಟ್ನಿ ಎಲ್ಲ ಸೇರಿಸಿ ಬುತ್ತಿ ಕಟ್ಟುವುದಿಲ್ಲವೇ, ಹಾಗೆ. ಸಾಫ್ಟ್‌ವೇರ್, ಅದಕ್ಕೆ ಬೇಕಾದ ಹಳೇ ಫೈಲುಗಳು, ಈರಣ್ಣ ಆರಿಸಿಟ್ಟ ಕನ್ನಡ ಅಕ್ಷರಗಳು, ಎಲ್ಲ ಒಂದೇ ಗಂಟು. ಹೊಸ ಕಂಪ್ಯೂಟರಿನಲ್ಲಿ ಬಿಚ್ಚಿದರಾಯಿತು.

ಭಾನುವಾರವೆಲ್ಲ ತಿಣುಕಿದಳು. ಕೊನೆಗೆ ಆಯಿತು ಎಂದಳು. ಗಿರಿಜಕ್ಕ, ನಾನು ಸ್ಕ್ರೀನಿನ ಮುಂದೆ ಕೂತು ಕಾದೆವು. ಏನೂ ಬರಲಿಲ್ಲ.

ಕಂಟೇನರಿನ ಒಳಗೆ ಸಾಫ್ಟ್‌ವೇರ್ ಓಡುತ್ತದಂತೆ, ಅದರ ಸ್ಕ್ರೀನ್ ಮಾತ್ರ ಹೊರಗೆ ಕಾಣುವುದಿಲ್ಲವಂತೆ. ಹೆಸರುಗಳ ಫೈಲ್ ಈ ಕಡೆಯಿಂದ ಕೊಡಬೇಕು, ಕಾರ್ಡು ಆ ಕಡೆಯಿಂದ ಬರುತ್ತದೆ. (ಪುಣ್ಯಕ್ಕೆ ಈರಣ್ಣ ಅಂಥದ್ದೊಂದು ದಾರಿ ಇಟ್ಟಿದ್ದರು.) ಉಪ್ಪಿನಬೆಟಗೇರಿಯ ಒಂದು ಮನೆತನದ ಹೆಸರುಗಳನ್ನು ಪಲ್ಲವಿ ಬೇಕಂತಲೇ ಉಲ್ಟಾಪಲ್ಟಾ ಮಾಡಿ ಕೊಟ್ಟಳು. ಕಾರ್ಡು ಪ್ರಿಂಟಾಗಿ ಬಂತು. ಹಿರಿಯರೆಲ್ಲ ಸರಿಯಾಗಿ ಕೂತಿದ್ದರು.

ನನಗೆ ಮಾತ್ರ ಸಂಕಟ. ಈರಣ್ಣನ ಆ 'ಬರ್ರಿ, ಕುಂದರ್ರಿ' ಇನ್ನು ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ? ಅದಿಲ್ಲದಿದ್ದರೆ ಗಿರಿಜಕ್ಕನಿಗೆ ಉಳಿದದ್ದೇನು? ಪಲ್ಲವಿಗೂ ಅದು ಗೊತ್ತಾಗಿರಬೇಕು.

"ಕಾಕೂ, ಒಳಗ ಅದು ಕೆಲಸ ಮಾಡಾಕತ್ತೈತ್ರಿ. ಹೊರಗ ಕಾಣಂಗಿಲ್ಲ, ಅಷ್ಟ" ಎಂದಳು.

ಗಿರಿಜಕ್ಕ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದರು.

"ಇರ್ಲಿ ಬಿಡವಾ. ಇದ್ದಾಗರ ಅವರು ಕೆಲಸ ಬಿಟ್ಟು ಯಾವಾಗ ಹೊರಗ ಬಂದು ಮಾತಾಡಿದ್ರು?"