ಹೆಬ್ಬೆರಳ ಕೆಳಗಿನ ಕಲೆ

ನಮ್ಮ ಭಾವನನ್ನು ಬಟ್ಟೆಯ ಮಾಲಿನಂತೆ ಬಿಚ್ಚಿ ನೋಡಿದರೆ ನೇಯ್ಗೆ ಗಟ್ಟಿ, ಬಣ್ಣ ಸ್ವಲ್ಪ ಮಾಸಿದೆ, ಅಂಚು ಸವೆದಿದೆ. ತಮ್ಮ ಬಟ್ಟೆ ಅಂಗಡಿಯಲ್ಲಿ ಥಾನು ಹರಡುವಾಗ ಕಲೆಯಿರುವ ಜಾಗಕ್ಕೆ ಹೆಬ್ಬೆರಳಿಟ್ಟು ಗಿರಾಕಿಯನ್ನು ಮಾತಿನಲ್ಲೇ ತೇಲಿಸಿಬಿಡುವುದು ಅವರ ಕೈಗಂಟಿದ ವಿದ್ಯೆ.

ಈಚೆಗೆ ಅಂಗಡಿಯ ಅಟ್ಟ ಹತ್ತಿದರೆ ಅವರಿಗೆ ಏದುಸಿರು. ಅಕ್ಕ ಬಿಡದೆ ಆಸ್ಪತ್ರೆಗೆ ಎಳೆದೊಯ್ದಳು.

"ಏನು ತೊಂದ್ರೆ?" ಎಂದರು ಡಾಕ್ಟರಮ್ಮ.

"ಏನಿಲ್ಲ ಮೇಡಂ, ಗಟ್ಟಿಮುಟ್ಟಾಗಿದೀನಿ," ಎನ್ನುತ್ತ ಭಾವ ಊದಿದ ಪಾದಗಳನ್ನು ಮೆಲ್ಲಗೆ ಕುರ್ಚಿಯಡಿ ಸರಿಸಿದರು.

ಅಕ್ಕ ಸುಮ್ಮನಿರಲಿಲ್ಲ. "ಏನ್ರೀ, ಅವ್ರೇನು ನಿಮ್ಮನ್ನ ಕೊಂಡ್ಕೊಳ್ಳೋಕೆ ಕೂತಿದಾರಾ? ಕಾಲು ಈಚೆ ಇಡಿ!"

ಡಾಕ್ಟರಮ್ಮ ಪಾದ ಒತ್ತಿದರು. ಅವರ ಹೆಬ್ಬೆರಳ ಗುರುತು ಗುಳಿಯಾಗಿ ಉಳಿಯಿತು. ಗಿರಾಕಿಗಳ ಕಣ್ಣಿಗೆ ಮಣ್ಣೆರಚುತ್ತ ಬಂದ ಭಾವ ಹೆಂಡತಿಯ ಎದುರೇ ಸಿಕ್ಕಿಬಿದ್ದಿದ್ದರು. ನಾಚಿಕೆಯಿಂದ ಕಿವಿಯೆಲ್ಲ ಕೆಂಪಾಯಿತು.

"ಅಟ್ಟ ಹತ್ತಿದ್ರೆ ಉಸಿರು ಸಿಗಲ್ಲ ಮೇಡಂ," ಎಂದರು ತಲೆಯೆತ್ತದೆ. "ಮಲಗಿದ್ರೂ ಅಷ್ಟೇ."

"ಇದನ್ನ ಮುಚ್ಚಿಟ್ಟು ಮನೆಗೆ ಹೋಗ್ತಿದ್ರಾ? ಹೃದಯದ ತೊಂದ್ರೆ ಇರಬಹುದು. ಇವತ್ತೇ ಪರೀಕ್ಷೆ ಮಾಡಿಸೋಣ."

ಈಗ ಔಷಧಿ ನಡೆದಿದೆ, ಉಸಿರಾಟ ಹಗುರಾಗಿದೆ. ಆಸ್ಪತ್ರೆಯಲ್ಲಿ ನಡೆದದ್ದನ್ನೆಲ್ಲ ಭಾವ ನೆಲ ನೋಡುತ್ತಲೇ ನನಗೆ ಹೇಳಿದರು. ಮರುದಿನ ನಾನೂ ಯಾರಿಗೂ ಹೇಳದಿದ್ದ ನನ್ನ ಎದೆನೋವನ್ನು ಡಾಕ್ಟರ ಮುಂದಿಟ್ಟೆ. ಹೃದಯದ ರಕ್ತನಾಳ ಮುಚ್ಚಿಕೊಳ್ಳುತ್ತಿದ್ದುದು ಸಕಾಲದಲ್ಲಿ ಗೊತ್ತಾಯಿತು. ನಾನಿಂದು ಬದುಕಿರುವುದು ಭಾವನಿಂದ.